ಮೊದಲು ಮೊಳೆ, ಆಮೇಲೆ ಹೀರೋ

ಗೋಡೆಗೆ ಮೊದಲು ಮೊಳೆ ಹೊಡೆದು, ಆಮೇಲೆ ಫೋಟೊ ತೆಗೆಸಿಕೊಳ್ಳಲು ಹೊರಟವರನ್ನು ನೀವು ಕಂಡಿದ್ದೀರಾ?

ನಾನು ಕಂಡಿದ್ದೇನೆ. ಹೆಸರು ಅಕ್ರಂ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಈಚೆಗೆ ಚಪ್ಪಲಿ ಅಂಗಡಿ ತೆರೆದ. ಅಂಗಡಿಗೆ ಇನ್ನೂ ಚಪ್ಪಲಿ ಬಂದಿರಲಿಲ್ಲ. ಬೋರ್ಡು ಬಂದಿರಲಿಲ್ಲ. ಕರೆಂಟು ಬಂದಿರಲಿಲ್ಲ. ಗಲ್ಲಾದ ಹಿಂದಿನ ಗೋಡೆಗೆ ಮೊಳೆ ಮಾತ್ರ ಬಂದಿತ್ತು.

"ಮೊಳೆ ಯಾಕಪ್ಪಾ?" ಎಂದೆ.

"ಫೋಟೊಗೆ ಸಾರ್. ಓಪನಿಂಗ್‌ಗೆ ಹೀರೋ ಬರ್ತಾವ್ರೆ. ಅವ್ರೂ ನಾನೂ ಜತೇಲಿ ನಿಂತಿರೋ ಫೋಟೊ ಇಲ್ಲಿ ಬರ್ಬೇಕು."

ಹೀರೋ ಎಂದರೆ ಸಾಧಾರಣ ಹೀರೋ ಅಲ್ಲ. (ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಅಭಿಮಾನಿಗಳು ಒಂದು ಕಡೆಯಿಂದ, ಇನ್ನೊಬ್ಬರ ಅಭಿಮಾನಿಗಳು ಮತ್ತೊಂದು ಕಡೆಯಿಂದ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಬೀದಿ ಕಿರಿದು.)

ಅಂಥವರಿಗೂ ಅಕ್ರಂಗೂ ಎಲ್ಲಿಂದೆಲ್ಲಿಯ ನಂಟು? ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ನಟರಿಗೆ ಕಾರಿನ ಹುಚ್ಚು, ಕೆಲವರಿಗೆ ನಾಯಿಯ ಹುಚ್ಚು, ಇನ್ನು ಕೆಲವರಿಗೆ ಚುನಾವಣೆಯ ಹುಚ್ಚು. ಇವರಿಗೆ ಫೋಟೊಗ್ರಫಿ. ಎಂಥ ಸಮಾರಂಭವೇ ಇರಲಿ, ಕ್ಯಾಮೆರಾ ಕತ್ತಿಗೆ ಹಾಕಿಕೊಂಡೇ ಬರುತ್ತಾರಂತೆ. ಸನ್ಮಾನ ಮಾಡುವವರು ಹಾರವನ್ನು ಕ್ಯಾಮೆರಾದ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಒದ್ದಾಡುತ್ತಾರಂತೆ. ಸದಾ ಕ್ಯಾಮೆರಾದ ಮುಂದೆ ಇರುವವರಿಗೆ ಅದರ ಹಿಂದೆ ಹೋಗುವ ಚಪಲ ಯಾಕೆ ಬರುತ್ತದೆ? ಹೋಟೆಲಿನ ಅಡಿಗೆಯವನು ರಜಾದಿನ ಬೇರೆ ಹೋಟೆಲಿನಲ್ಲಿ ಅಡಿಗೆ ಮಾಡುವುದನ್ನು ನಾನಂತೂ ಕೇಳಿಲ್ಲ.

ಇರಲಿ. ಅಕ್ರಂನ ಅಪ್ಪ ತೆರಕಣಾಂಬಿ ಸಂತೆಯಲ್ಲಿ ಗೋಣಿತಾಟಿನ ಮೇಲೆ ಚಪ್ಪಲಿ ಹರಡಿಕೊಂಡು ಕೂರುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಕ್ರಂ ಚಾಮರಾಜನಗರಕ್ಕೆ ಹೋಗಿ, ಅಕ್ಕನ ಗಂಡ ಸಲೀಂ ಭಾಯಿಯ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಕೆಲವು ವರ್ಷಗಳ ಹಿಂದೆ ನಮ್ಮ ಹೀರೋ ತಮ್ಮ ಚಿತ್ರದ ಪ್ರಚಾರಕ್ಕೆ ಚಾಮರಾಜನಗರಕ್ಕೆ ಬಂದಿದ್ದಾಗ, ಜನರ ನೂಕಾಟದಲ್ಲಿ ಕ್ಯಾಮೆರಾದ ಪಟ್ಟಿ ಕಿತ್ತುಹೋಯಿತು. ಅವರು ಅದನ್ನು ಹಿಡಿದು ನುಗ್ಗಿದ್ದು ಸಲೀಂ ಭಾಯಿಯ ಅಂಗಡಿಗೆ.

ಅಕ್ರಂ ನೆಲದ ಮೇಲೆ ಕೂತು, ದಬ್ಬಳ ತೆಗೆದು, ದಾರಕ್ಕೆ ಮೇಣ ಉಜ್ಜಿ ಹೊಲಿಯತೊಡಗಿದ. ಅವನು ಹೊಲಿಯುವಷ್ಟರಲ್ಲಿ ಸಲೀಂ ಭಾಯಿ ಹೀರೋ ಪಕ್ಕ ನಿಂತು ಫೋಟೊ ತೆಗೆಸಿಕೊಂಡಾಗಿತ್ತು. ಅದು ಇವತ್ತಿಗೂ ಆ ಅಂಗಡಿಯ ಗೋಡೆಯಲ್ಲಿದೆ. ಅಲ್ಲಿ ಚಪ್ಪಲಿ ಕೊಳ್ಳದೆ ಹೊರಗೆ ಬರಬಹುದು, ಆ ಫೋಟೊ ನೋಡದೆ ಬರುವಂತಿಲ್ಲ. ನಡುವೆ ಹೀರೋ, ಪಕ್ಕದಲ್ಲಿ ಸಲೀಂ ಭಾಯಿ, ಕೆಳಗೆ ಎಡ ಮೂಲೆಯಲ್ಲಿ ಒಂದು ಮೊಣಕೈ.

ಆ ಮೊಣಕೈ ಅಕ್ರಂದು.

ಹೊರಡುವಾಗ ಹೀರೋ ಪಟ್ಟಿಯನ್ನು ಜಗ್ಗಿ ನೋಡಿ, "ಗಟ್ಟಿಯಾಗಿ ಹೊಲ್ದಿದ್ದೀರಿ. ನೀವು ಸ್ವಂತ ಅಂಗಡಿ ಹಾಕಿದಾಗ ಹೇಳಿ, ಬರ್ತೀನಿ" ಎಂದರಂತೆ. ನಾವೆಲ್ಲ 'ಒಂದ್ಸಲ ಮನೆ ಕಡೆ ಬನ್ನಿ' ಎನ್ನುತ್ತೇವಲ್ಲ, ಆ ಜಾತಿಯ ಮಾತು ಇದು. ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಆಡುವಂಥದ್ದು. ಅಕ್ರಂ ಅದನ್ನು ನಿಜವೆಂದುಕೊಂಡ. ಅವರ ಡ್ರೈವರನ ನಂಬರ್ ಇಟ್ಟುಕೊಂಡ. ಸ್ವಂತ ಅಂಗಡಿ ಮಾಡುವಾಗ ಫೋನ್ ಹಚ್ಚಿದ. ಆಶ್ಚರ್ಯವೆಂದರೆ, ಆಡಿದವರೂ ಅದನ್ನು ನಿಜವೆಂದೇ ಇಟ್ಟುಕೊಂಡಿದ್ದರು!

ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್ ಎದ್ದಿತು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಕೈ ಮುಗಿದ ಹೀರೋ, ಕಪ್ಪು ಕನ್ನಡಕದ ಅಕ್ರಂ. ಅಧ್ಯಕ್ಷತೆ ನನ್ನದು. (ಕೆಳಗೆ ನನ್ನ ಮುಖವೂ ಇತ್ತು. ಯಾವುದೋ ಗ್ರೂಪ್ ಫೋಟೊದಿಂದ ಕತ್ತರಿಸಿದ್ದು, ಪಕ್ಕದವರ ಕಿವಿ ಸ್ವಲ್ಪ ಉಳಿದುಕೊಂಡಿತ್ತು.) ಅಧ್ಯಕ್ಷ ಪದವಿಯ ಗಾಂಭೀರ್ಯಕ್ಕೆ ತಕ್ಕಂತೆ ನಾನು 'ಪಾದರಕ್ಷೆ ಮತ್ತು ನಾಗರಿಕತೆ' ಎಂಬ ವಿಷಯದ ಮೇಲೆ ಭಾಷಣ ಸಿದ್ಧಪಡಿಸಿದೆ.

ಊರು ನಂಬಲಿಲ್ಲ. "ಈರೋ ಎಲ್ಲಿಂದ ಬಂದಾನ್ಲಾ? ಬರೋದು ಅವನ ಫ್ಲೆಕ್ಸೇಯ ಕಣ" ಎಂದು ಹೋಟೆಲಿನಲ್ಲಿ ಅಧ್ಯಕ್ಷರ ಎದುರೇ ಆಡಿಕೊಂಡರು. ಸಲೀಂ ಭಾಯಿ ಚಾಮರಾಜನಗರದಿಂದ ಫೋನ್ ಮಾಡಿ, "ದೊಡ್ಡೋರ ಮಾತನ್ನ ಮೊಳೆಗೆ ನೇತಾಕ್ಬಾರ್ದು ಅಕ್ರಂ" ಎಂದನಂತೆ.

ಇಷ್ಟೊಂದು ಹಟ ಯಾಕೆ ಎಂದು ನಾನೂ ಕೇಳಿದೆ.

"ಸಾರ್, ಬಾವನ ಅಂಗಡೀಲಿ ನಾನು ಬರೀ ಮೊಣಕೈ. ನನ್ನ ಅಂಗಡೀಲಾದ್ರೂ ಪೂರ್ತಿ ಇರ್ಬೇಡ್ವಾ?"

ಅಧ್ಯಕ್ಷರು ಮನೆಗೆ ಹೋಗಿ ಭಾಷಣಕ್ಕೆ ಇನ್ನೊಂದು ಪುಟ ಸೇರಿಸಿದರು.

ಭಾನುವಾರ ಬಂತು. ಸೂರ್ಯ ಆಗಷ್ಟೇ ಬಂದಿದ್ದ. ನಾನು ಹಲ್ಲುಜ್ಜುತ್ತಿದ್ದೆ. ಅಕ್ರಂ ಏದುಸಿರು ಬಿಡುತ್ತ ಓಡಿಬಂದ.

"ಸಾರ್, ಬಂದ್ಬುಟ್ಟವ್ರೆ! ಈಗ್ಲೇ ಬಂದ್ಬುಟ್ಟವ್ರೆ!"

ವಯನಾಡಿನ ಕಡೆ ಶೂಟಿಂಗ್ ಇದೆಯಂತೆ. ಹನ್ನೊಂದಕ್ಕೆ ಬಂದರೆ ಜನ ಸೇರಿ ರಸ್ತೆಯೇ ಕಟ್ಟಿಹೋಗುತ್ತದೆ, ಈಗಲೇ ಸದ್ದಿಲ್ಲದೆ ಮುಗಿಸೋಣ ಎಂದರಂತೆ. ಹೀಗಾಗಿ ಮಾನ್ಯ ಅಧ್ಯಕ್ಷರು ಬನಿಯನ್ನಿನ ಮೇಲೆ ಶಾಲು ಹೊದ್ದು, ಪಂಚೆಯಲ್ಲೇ ಸಮಾರಂಭಕ್ಕೆ ಬಿಜಯಂಗೈದರು. ಭಾಷಣ ಮನೆಯಲ್ಲೇ ಉಳಿಯಿತು. (ನಾಗರಿಕತೆಗಾದ ನಷ್ಟವನ್ನು ಇತಿಹಾಸ ನೋಡಿಕೊಳ್ಳಲಿ.)

ಸಭಿಕರು ಯಾರು? ಅಕ್ರಂ, ಅವನ ತಾಯಿ ಅಮೀನಮ್ಮ, ಫೋಟೊ ತೆಗೆಯಲು ಗೊತ್ತುಮಾಡಿದ್ದ ಸ್ಟುಡಿಯೋ ಮಾದೇಶ, ನಾನು. ಇಷ್ಟೇ. ಹೀರೋ ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕತ್ತಿನಲ್ಲಿ ಕ್ಯಾಮೆರಾ. ಅಕ್ರಂ ಮೊದಲು ನೋಡಿದ್ದು ಹೀರೋ ಮುಖವನ್ನಲ್ಲ, ಪಟ್ಟಿಯ ಹೊಲಿಗೆಯನ್ನು. ತಾನು ಹಾಕಿದ್ದೇ! ಒಂದು ನೂಲೂ ಬಿಟ್ಟಿರಲಿಲ್ಲ.

ರಿಬ್ಬನ್ ಕಟ್ಟುವುದು ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಹೀರೋ ಬೀದಿಗಿಳಿದು ಕ್ಯಾಮೆರಾ ಎತ್ತಿದರು.

ನಮ್ಮ ಕಡೆ ಕ್ಯಾಮೆರಾ ಕಂಡರೆ ಒಂದು ಶಿಸ್ತು ಇದೆ. ಮದುವೆ ಛತ್ರಗಳು ನಮಗೆ ಕಲಿಸಿದ್ದು. ಕೈ ಕೆಳಗೆ, ಉಸಿರು ಒಳಗೆ, ನೋಟ ನೇರಕ್ಕೆ. ತೆಗೆಯುವವರು ಯಾರೆಂದು ಗೊತ್ತಿರಬೇಕಾಗಿಲ್ಲ. ಬೀದಿ ಗುಡಿಸುತ್ತಿದ್ದಾಕೆ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಹಾಲಿನವನು ಕ್ಯಾನು ಕೆಳಗಿಟ್ಟು ತಲೆ ತೀಡಿಕೊಂಡ. ಆಟೊದವನು ಆಟೊದಿಂದ ಇಳಿದು, ಅದರ ಮೇಲೆ ಕೈಯಿಟ್ಟು, ಹೊಸ ಮದುಮಗನಂತೆ ನಿಂತ.

"ನನ್ನ ನೋಡ್ಬೇಡಿ ಅಣ್ಣ. ನಿಮ್ಮ ಕೆಲಸ ನೀವು ಮಾಡ್ತಾ ಇರಿ," ಎಂದರು ಹೀರೋ.

"ಮಾಡ್ತಾನೇ ಇವ್ನಿ, ತಗೀರಿ ಸಾ," ಎಂದ ಆಟೊದವನು, ಒಂದಿಷ್ಟೂ ಅಲುಗಾಡದೆ.

ಹೀರೋ ಕ್ಯಾಮೆರಾ ಇಳಿಸಿ ನಕ್ಕರು. ನಕ್ಕರು ಎನ್ನುವುದು ಮಾಸ್ಕಿನ ಮೇಲಿನ ಕಣ್ಣುಗಳಿಂದ ನಾನು ಮಾಡಿದ ಊಹೆ. ಬಹುದಿನದ ಕುತೂಹಲವನ್ನು ಅಧ್ಯಕ್ಷರು ಆಗ ಬಾಯಿಬಿಟ್ಟು ಕೇಳಿದರು. "ಅಲ್ಲ ಸ್ವಾಮಿ, ಊರೆಲ್ಲ ನಿಮ್ಮ ಫೋಟೊ ತೆಗೀತದೆ. ನಿಮಗ್ಯಾಕೆ ಈ ಉಸಾಬರಿ?"

ಅವರು ಕತ್ತಿನ ಪಟ್ಟಿ ಸರಿಮಾಡಿಕೊಂಡರು.

"ಸಾರ್, ನಾನು ಎಲ್ಲಿಗೆ ಹೋದ್ರೂ ಜನ ನನ್ನನ್ನೇ ನೋಡ್ತಾರೆ. ನನ್ನ ನೋಡದೆ ಇರುವಾಗ ಅವರು ಹೆಂಗಿರ್ತಾರೆ ಅನ್ನೋದೇ ನಂಗೆ ಮರೆತುಹೋಗಿದೆ. ಅಂಥದ್ದೊಂದು ಫೋಟೊ ಸಿಕ್ಕರೆ ಸಾಕು. ಮಾಸ್ಕ್ ಹಾಕ್ಕೊಂಡು ಬಂದ್ರೆ ಜನ ಕ್ಯಾಮೆರಾ ನೋಡ್ತಾರೆ. ಮಾಸ್ಕ್ ತೆಗೆದ್ರೆ ನನ್ನ ನೋಡ್ತಾರೆ. ಏನು ಮಾಡೋದು ಹೇಳಿ?"

ನನ್ನನ್ನು ಯಾರೂ ನೋಡದಿರುವುದು ನನ್ನ ನಿತ್ಯದ ಅನುಭವ. ಅದೊಂದು ಸೌಭಾಗ್ಯವೆಂದು ಅವತ್ತೇ ಗೊತ್ತಾಗಿದ್ದು.

ರಿಬ್ಬನ್ ಕಟ್ಟಿದ್ದಾಯಿತು. ಹೀರೋ ಕತ್ತರಿಯನ್ನು ತೆಗೆದುಕೊಂಡು ಅಮೀನಮ್ಮನ ಕೈಗೆ ಕೊಟ್ಟು, "ಅಮ್ಮ ಕತ್ತರಿಸ್ಲಿ" ಎಂದು ತಾವು ಕ್ಯಾಮೆರಾ ಎತ್ತಿದರು. ಆಕೆ ಕತ್ತರಿಸಿದರು. ಕತ್ತರಿಸಿದ ರಿಬ್ಬನ್ನನ್ನು ಅಚ್ಚುಕಟ್ಟಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. (ಒಳ್ಳೆಯ ಸ್ಯಾಟಿನ್ ರಿಬ್ಬನ್. ಮೊಮ್ಮಗಳ ಜಡೆಗೆ ಆದೀತು.) ಮಾದೇಶ ಪಟಪಟನೆ ಕ್ಲಿಕ್ಕಿಸಿದ.

ಪಕ್ಕದ ಹೋಟೆಲಿನಿಂದ ಟೀ ಬಂತು. ತಂದ ಹುಡುಗ ಟ್ರೇ ಇಟ್ಟು ಹೋದ ಮೇಲೆ, ಟೀ ಕುಡಿಯಲು ಹೀರೋ ಮಾಸ್ಕು ಕೆಳಗಿಳಿಸಿದರು. ಓದುಗ ಮಹಾಶಯರೇ, ಇದೇ ಆ ಸುಮುಹೂರ್ತ. ಅಕ್ರಂ ಒಳಗೆ ತಾಯಿಗೆಂದು ಎತ್ತಿಟ್ಟಿದ್ದ ಚಪ್ಪಲಿ ಹುಡುಕುತ್ತಿದ್ದ. ನನ್ನ ಫೋನಿಗೆ ಮಾತು ಬರುತ್ತದೆ, ಕಣ್ಣಿಲ್ಲ. ಇದ್ದವನು ಮಾದೇಶನೊಬ್ಬ. ಆಗಲೇ ಹೀರೋ ಟ್ರೇಯಿಂದ ಒಂದು ಲೋಟ ತೆಗೆದು, "ತಗೊಳ್ಳಿ" ಎಂದು ಅವನತ್ತ ಚಾಚಿದರು.

ಮಾದೇಶ ಕ್ಯಾಮೆರಾವನ್ನು ಚಪ್ಪಲಿ ಡಬ್ಬದ ಮೇಲಿಟ್ಟ. ಎರಡೂ ಕೈ ಚಾಚಿ ಲೋಟ ಈಸಿಕೊಂಡ. ಅಲ್ಲೇ ನಿಂತು, ಪ್ರಸಾದದಂತೆ, ತಳ ಕಾಣುವವರೆಗೆ ಕುಡಿದ. ಅವನು ಲೋಟ ಕೆಳಗಿಡುವ ಹೊತ್ತಿಗೆ ಹೀರೋ ಮಾಸ್ಕು ಮೇಲೇರಿಸಿಯಾಗಿತ್ತು.

ಆಮೇಲೆ ಬೋಣಿ. ಮೊದಲ ವ್ಯಾಪಾರ ತಾಯಿಯದೇ ಆಗಬೇಕೆಂದು ಅಕ್ರಂನ ಆಸೆ. ಅಮೀನಮ್ಮ ಬೆಂಚಿನ ಮೇಲೆ ಕೂತರು. ಅಕ್ರಂ ಕೆಳಗೆ ಮಂಡಿಯೂರಿ ತಾಯಿಯ ಪಾದಕ್ಕೆ ಚಪ್ಪಲಿ ತೊಡಿಸತೊಡಗಿದ. ಕರೆಂಟು ಇನ್ನೂ ಬಂದಿರಲಿಲ್ಲವಷ್ಟೆ. ಇದ್ದದ್ದು ಬಾಗಿಲ ಬೆಳಕು. ಆ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತವರು ನಾಡಿನ ಕಣ್ಮಣಿ.

ಅಮೀನಮ್ಮ ಸಿನಿಮಾ ನೋಡಿದವರಲ್ಲ. ಗಂಡನ ಜೊತೆ ಸಂತೆ ಸಂತೆ ಸುತ್ತಿದವರು, ಮನೆಯ ಹೊರಗೆ ಅವರದು ತೆರಕಣಾಂಬಿಯ ಕನ್ನಡವೇ. ತಲೆ ಎತ್ತದೆ ಅಂದರು:

"ಯಾರಪ್ಪಾ ಅದು, ಬಾಗ್ಲಲ್ಲಿ ನಿಂತ್ಕಂಡು ಬೆಳಕೆಲ್ಲಾ ಮುಚ್ಬುಟ್ಟೋನು? ವಸಿ ಅತ್ಲಾಗ್ ನಿಂತ್ಕೊ."

ಅಕ್ರಂನ ಕೈ ನಿಂತಿತು. ಹೀರೋ ಮರುಮಾತಿಲ್ಲದೆ ಬಾಗಿಲು ಬಿಟ್ಟು, ಕನ್ನಡಿಯ ಪಕ್ಕಕ್ಕೆ ಸರಿದರು. ಬೆಳಕು ಒಳಗೆ ಬಂತು. ಅಮೀನಮ್ಮ ಮಗನ ತಲೆಗೆ ಮೊಟಕಿ, "ಎಬ್ಬೆಟ್ಟು ಒತ್ತುತ್ತೆ ಕಣೋ, ಇದೇನ್ ಮಾಲು ತಂದಿದ್ದೀಯ" ಎಂದರು. ಅಕ್ರಂ ತಾಯಿಯ ಮುಖ ನೋಡಿ ನಕ್ಕ. ಕ್ಯಾಮೆರಾ ಒಂದೇ ಸಲ ಕ್ಲಿಕ್ ಎಂದಿತು.

ಹೀರೋ ಅದರ ಹಿಂಬದಿಯ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಕ್ರಂನ ಹೆಗಲ ಮೇಲೆ ಕೈಹಾಕಿ ಮಾದೇಶನ ಮುಂದೆ ನಿಂತರು. ಮಾಸ್ಕಿನ ಸಮೇತ. ತಾವು ಮಾಸ್ಕು ಹಾಕಿರುವುದು ಅವರಿಗೆ ಮರೆತೇಹೋಗಿತ್ತು. ನಮಗೆಲ್ಲ ನೆನಪಿತ್ತು, ಬಾಯಿ ಬರಲಿಲ್ಲ. ದೊಡ್ಡವರಿಗೆ 'ಮುಖ ತೆಗೀರಿ' ಎಂದು ಹೇಗೆ ಹೇಳುವುದು? ಕಾರು ಹೊರಟಿತು.

ಹನ್ನೊಂದಕ್ಕೆ ಜನ ಸೇರಿದರು. ಇಡೀ ಬೀದಿ. ಸಲೀಂ ಭಾಯಿಯೂ ಹಾರ ಹಿಡಿದು ಬಂದ.

"ಎಲ್ಲಲಾ ನಿಮ್ ಈರೋ?"

"ಬಂದು ಹೋದ್ರು," ಎಂದ ಅಕ್ರಂ.

ಆಗ ಜನ ನಕ್ಕ ನಗುವನ್ನು ನಾನು ವರ್ಣಿಸಲಾರೆ. ಮಾದೇಶನ ಕ್ಯಾಮೆರಾ ತರಿಸಿ ನೋಡಿದರು. ರಿಬ್ಬನ್ ಕತ್ತರಿಸುವ ಅಮೀನಮ್ಮ, ಪಕ್ಕದಲ್ಲೊಂದು ಟೋಪಿ, ಟೋಪಿಯ ಕೆಳಗೆ ಕ್ಯಾಮೆರಾ. ಚಪ್ಪಲಿ ತೊಡುವ ಅಮೀನಮ್ಮ, ಮೂಲೆಯಲ್ಲಿ ಮತ್ತೆ ಅದೇ ಕ್ಯಾಮೆರಾ. ಕೊನೆಗೆ ಅಕ್ರಂ ಜೊತೆ ಒಂದು ಮಾಸ್ಕು.

"ಇದು ಯಾರು ಬೇಕಾದ್ರೂ ಆಗ್ಬೋದಲ್ಲ," ಎಂದ ಸಲೀಂ ಭಾಯಿ, ಮೆತ್ತಗೆ. "ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅನ್ನು ಅಕ್ರಂ. ಅದ್ರಲ್ಲಿ ನಾಚ್ಕೆ ಏನೈತೆ?"

"ಟೀ ಕುಡಿಯೋವಾಗ ಏನ್ ಮಾಡ್ತಿದ್ದೆ ಮಾದೇಶಣ್ಣಾ?" ಅಕ್ರಂ ಅಳುವುದೊಂದು ಬಾಕಿ.

"ಅವ್ರೇ ಕೈಯಾರ ಕೊಟ್ರಲ್ಲಪ್ಪಾ. ಒಂದ್ ಕೈಲಿ ಈಸ್ಕಂಡ್ರೆ ಚೆಂದ್ವಾ ನೀನೇ ಏಳು?"

ಅಕ್ರಂ ಆಗಿದ್ದರೂ ಎರಡೂ ಕೈ ಚಾಚುತ್ತಿದ್ದ. ನಾನೂ ಅಷ್ಟೆ.

ಸಾಕ್ಷಿಗೆ ಅಧ್ಯಕ್ಷರೇ ಮುಂದೆ ಬಂದರು. ಇಷ್ಟು ವರ್ಷದಿಂದ ಅಂಕಣ ಬರೆಯುತ್ತಿರುವ ನಾನು, ಕಣ್ಣಾರೆ ಕಂಡಿದ್ದೇನೆ ಎಂದೆ. "ನೀವು ಬರೆಯೋದು ಓದ್ತೀವಲ್ಲ ಸಾ, ಸೊಗ್ಸಾಗಿ ಕತೆ ಕಟ್ತೀರಿ" ಎಂದು ಹಿಂದಿನಿಂದ ಯಾರೋ ಹೊಗಳಿದರು. ಒಂದು ಮೊಬೈಲಿನ ಕಣ್ಣಿಗಿರುವ ಬೆಲೆ ನನ್ನ ಎರಡು ಕಣ್ಣಿಗಿಲ್ಲ ಎಂಬುದು ಆ ಮಟ್ಟಿಗೆ ಇತ್ಯರ್ಥವಾಯಿತು.

ಅವತ್ತಿನಿಂದ ಅವನ ಹೆಸರು 'ಫ್ಲೆಕ್ಸ್ ಅಕ್ರಂ'. ಚಪ್ಪಲಿ ಕೊಳ್ಳಲು ಬಂದವರೂ ಹಾಗೇ ಕರೆದರು. "ಏ ಫ್ಲೆಕ್ಸು, ಆ ಕಪ್ಪುದ್ ತಗಿಯಪ್ಪ." ವ್ಯಾಪಾರವೇನೋ ನಡೆಯಿತು. ಆದರೆ ಬಂದವರೆಲ್ಲ ಗಲ್ಲಾದ ಹಿಂದಿನ ಬೋಳು ಮೊಳೆಯನ್ನು ನೋಡಿ ತುಟಿಯಲ್ಲೇ ನಗುತ್ತಿದ್ದರು. ಕಿತ್ತುಹಾಕು ಎಂದೆ. ಕಿತ್ತರೆ ಸುಳ್ಳು ಎಂದು ಒಪ್ಪಿದಂತಾಗುತ್ತದೆ ಸಾರ್ ಎಂದ.

ಕೆಲವು ವಾರಗಳ ಮೇಲೆ ಕೊರಿಯರಿನಲ್ಲಿ ಒಂದು ದೊಡ್ಡ ಚಪ್ಪಟೆ ಪಾರ್ಸಲ್ ಬಂತು. ಅಕ್ರಂ ನನ್ನನ್ನೂ ಮಾದೇಶನನ್ನೂ ಕರೆಸಿ ಬಿಚ್ಚಿದ. ಕಪ್ಪುಬಿಳುಪಿನ ಫೋಟೊ. ಬಾಗಿಲಿಂದ ಬಂದ ಬೆಳಕು. ಮಗನ ತಲೆಗೆ ಮೊಟಕಿ ಕೈ ಇನ್ನೂ ಎತ್ತಿರುವ ಅಮೀನಮ್ಮ. ಚಪ್ಪಲಿ ಹಿಡಿದು, ತಾಯಿಯ ಮುಖ ನೋಡಿ ನಗುತ್ತಿರುವ ಅಕ್ರಂ. ಇಬ್ಬರಿಗೂ ಕ್ಯಾಮೆರಾದ ಪರಿವೆಯೇ ಇಲ್ಲ.

ಅಕ್ರಂ ಹಿಂದೆ ತಿರುಗಿಸಿ ನೋಡಿದ. ಮುಂದೆ ತಿರುಗಿಸಿದ. "ಇದ್ರಲ್ಲಿ ಅವ್ರೇ ಇಲ್ವಲ್ಲ ಸಾರ್!"

"ಅಷ್ಟೇ ತಾನೆ? ಕಂಪ್ಯೂಟರಲ್ಲಿ ಕೂರಿಸ್ಬುಡ್ತೀನಿ ಬುಡು. ನಿನ್ನ ಮದುವೆ ಆಲ್ಬಮಲ್ಲಿ ಬರದೇ ಇರೋ ನೆಂಟ್ರನ್ನೇ ಕೂರಿಸಿರೋನು ನಾನು," ಎಂದ ಮಾದೇಶ. ಅವನಿಗೂ ಆ ಟೀ ಇನ್ನೂ ಅರಗಿರಲಿಲ್ಲ.

ಮರುದಿನ ಮಾದರಿ ತಂದ. ಫ್ಲೆಕ್ಸಿನಲ್ಲಿದ್ದ ಹೀರೋ ಅಮೀನಮ್ಮನ ಹಿಂದೆ ಕೈ ಮುಗಿದು ನಿಂತಿದ್ದರು. ಶ್ರದ್ಧಾಂಜಲಿ ಅರ್ಪಿಸುತ್ತಿರುವಂತಿತ್ತು. ಆದರೆ ಮುಖ ಮಾತ್ರ ಸ್ಪಷ್ಟ. ಇದನ್ನು ನೇತುಹಾಕಿದರೆ ಊರಿನ ಬಾಯಿ ಬಂದ್. ಅಕ್ರಂ ನನ್ನ ಮುಖ ನೋಡಿದ. ನಾನು ಮೊಳೆ ನೋಡಿದೆ.

ಬೆಂಚಿನ ಮೇಲಿದ್ದ ಅಮೀನಮ್ಮ ಅದನ್ನು ಈಸಿಕೊಂಡು, ದೂರ ಹಿಡಿದು ನೋಡಿದರು.

"ಇವ್ನ್ಯಾರು?"

"ಅವತ್ತು ಬಂದಿದ್ರಲ್ಲ ಅಮ್ಮಿ, ಅವ್ರೇ."

"ಬಂದಿದ್ದೋನು ನನ್ ಬೆನ್ನಿಂದೆ ಕೈ ಮುಗ್ಕಂಡು ಎಲ್ಲಿ ನಿಂತಿದ್ದ? ಅಗೋ ಅಲ್ಲಿ, ಕನ್ನಡಿ ತಾವ ನಿಂತಿದ್ದ." ಆಕೆ ಮಾದರಿಯನ್ನು ಮಗನ ಮಡಿಲಿಗೆ ಎಸೆದರು. "ನೀನು ಸುಳ್ಳ ಅಂತ ಜನ ಅಂತಾರೆ ಅಂತ, ಸುಳ್ಳನ್ನೇ ತಂದು ನೇತಾಕ್ತೀಯೇನೋ?"

ಅಕ್ರಂ ಸ್ಟೂಲು ಹತ್ತಿ, ಬಂದಿದ್ದ ಫೋಟೊವನ್ನು ಬಂದ ಹಾಗೆಯೇ ಮೊಳೆಗೆ ತೂಗುಹಾಕಿದ. ಮಾದೇಶ ಅದು ಸೊಟ್ಟಗಿದೆ ಎಂದು ನೆಟ್ಟಗೆ ಮಾಡಿದ. ತನ್ನ ಮಾದರಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಹೋದ ವಾರ ಸಲೀಂ ಭಾಯಿ ಬಂದ. ನಾನೂ ಅಲ್ಲೇ ಇದ್ದೆ. ಕನ್ನಡಿಯ ಪಕ್ಕ ನಿಂತು ಫೋಟೊ ನೋಡಿದ.

"ಚೆಂದಾಗೈತೆ. ಇದ್ರಲ್ಲಿ ಹೀರೋ ಎಲ್ಲವ್ರೆ?"

"ನೀನು ಈಗ ನಿಂತಿದ್ದೀಯಲ್ಲ ಬಾವ, ಅಲ್ಲೇ ನಿಂತವ್ರೆ," ಎಂದ ಅಕ್ರಂ, ಡಬ್ಬ ಜೋಡಿಸುತ್ತ.

ಸಲೀಂ ಭಾಯಿ ತನ್ನ ಕಾಲ ಕೆಳಗೆ ನೋಡಿಕೊಂಡ. ಫೋಟೊ ನೋಡಿದ. ಬೆಂಚು ನೋಡಿದ. ಬಾಗಿಲು, ಬೆಳಕು, ಬೆಂಚಿನ ಮೇಲೆ ಅತ್ತೆ, ಎಲ್ಲ ಫೋಟೊದಲ್ಲಿದ್ದ ಹಾಗೇ ಇತ್ತು. ಮತ್ತೆ ಫೋಟೊದತ್ತ ಬಗ್ಗಿ, "ನಿನ್ ಮೊಣಕೈ ಇಲ್ಲೂ ಬಂದೈತಲ್ಲೋ" ಎಂದ.

"ಇಲ್ಲಿ ಮಿಕ್ಕಿದ್ದೂ ಬಂದೈತೆ ಬಾವ."

ಈಗ ಅಂಗಡಿಗೆ ಬಂದವರೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ, ಅದೇ ಉತ್ತರ ಪಡೆಯುತ್ತಾರೆ, ಕಾಲ ಕೆಳಗೆ ನೋಡಿಕೊಳ್ಳುತ್ತಾರೆ. ಹುಡುಗರು ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. 'ಫ್ಲೆಕ್ಸು' ಎನ್ನುವವರು ಕಡಿಮೆಯಾಗಿದ್ದಾರೆ.

ನನಗೂ ಆ ಜಾಗದಲ್ಲಿ ನಿಲ್ಲುವ ಆಸೆಯಾಯಿತು. ನಿನ್ನೆ ಹೋದೆ. ಒಳಗೆ ಜನವಿದ್ದರು. ಬಾಗಿಲಲ್ಲೇ ನಿಂತು ಫೋಟೊ ನೋಡುತ್ತಿದ್ದೆ. ಬೆಂಚಿನ ಕಡೆಯಿಂದ ದನಿ ಬಂತು.

"ಯಾರಪ್ಪಾ ಅದು, ಬೆಳಕೆಲ್ಲಾ ಮುಚ್ಬುಟ್ಟೋನು? ವಸಿ ಅತ್ಲಾಗ್ ನಿಂತ್ಕೊ."

ಮರುಮಾತಿಲ್ಲದೆ ಸರಿದೆ. ಸರಿದು ತಲೆ ಎತ್ತಿದರೆ, ನಾನು ನಿಂತಿದ್ದುದು ಸರಿಯಾಗಿ ಆ ಜಾಗದಲ್ಲೇ! ಫೋಟೊದಲ್ಲಿರುವ ಬೆಳಕು, ಫೋಟೊದಲ್ಲಿರುವ ಬೆಂಚು, ಅದೇ ಅಮೀನಮ್ಮ.

ಸಿನಿಮಾದಲ್ಲಿ ಹೀರೋಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರನ್ನು ಡೈರೆಕ್ಟರ್ ಎನ್ನುತ್ತಾರೆ. ಚಪ್ಪಲಿ ಅಂಗಡಿಯಲ್ಲಿ?